ಕ್ಯಾಪ್ಟನ್ ಮೇಯುತ್ತಿದ್ದ ಪಕ್ಕದ ಹಿತ್ತಲು

ಮದುವೆಯಾಗಿ ಈ ಊರಿಗೆ ಬಂದ ಮರುದಿನ ಬೆಳಿಗ್ಗೆ ಮೊದಲ ಸಲ ಉಪ್ಪಿಟ್ಟು ಮಾಡಿ ಮಾವನವರ ಮುಂದಿಟ್ಟೆ. ತವರಿನಲ್ಲಿ ನನ್ನ ಉಪ್ಪಿಟ್ಟಿಗೆ ಹೆಸರಿತ್ತು. ತುಪ್ಪದಲ್ಲಿ ಹುರಿದ ರವೆ, ಮೇಲೆ ನಿಂಬೆರಸ, ಜೊತೆಗೆ ಗೋಡಂಬಿ ಬೇರೆ. ಮಾವ ಒಂದು ತುತ್ತು ಬಾಯಿಗಿಟ್ಟು, ಕಣ್ಣು ಮುಚ್ಚಿ ನಿಧಾನವಾಗಿ ಅಗಿದು, "ದಾಸವಾಳದ ಎಲೆ. ಸ್ವಲ್ಪ ಬಲಿತುಬಿಟ್ಟಿದೆ. ಆದರೂ ಪರವಾಗಿಲ್ಲಮ್ಮ" ಅಂದರು.

ನಾನು ಅಡುಗೆಮನೆಗೆ ಹೋಗಿ ಸೆರಗಿನಲ್ಲಿ ಕಣ್ಣೊರೆಸಿಕೊಂಡೆ. ನಮ್ಮ ಮನೆಯವರು ಹಿಂದೆಯೇ ಬಂದು, "ಯಾಕೆ ಅಳ್ತೀಯ? ಅಪ್ಪ ಹೇಳಿದ್ದು ನಿನ್ನ ಉಪ್ಪಿಟ್ಟಿಗಲ್ಲ, ಕ್ಯಾಪ್ಟನ್ ತಿಂದದ್ದಕ್ಕೆ" ಅಂತ ಹಿತ್ತಲ ಬಾಗಿಲು ತೆರೆದು ತೋರಿಸಿದರು. ದಾಸವಾಳದ ಗಿಡದ ಬುಡದಲ್ಲಿ, ಬೋಗುಣಿ ಬೋರಲು ಹಾಕಿದ ಹಾಗೆ ಒಂದು ಆಮೆ ನಿಂತಿತ್ತು. ಬಾಯಿಯ ಎರಡೂ ಕಡೆ ಹಸಿರು ರಸ. ನನ್ನನ್ನು ಒಂದು ಗಳಿಗೆ ನೋಡಿ ಮತ್ತೆ ಎಲೆಗೆ ಬಾಯಿ ಹಾಕಿತು. ಒಳಗಿನಿಂದ ಮಾವ, "ಹಾಂ, ಇದು ಎಳೇದು" ಅಂದದ್ದು ಕೇಳಿಸಿತು.

ಈ ಊರಿನಲ್ಲಿ ಹಾಗೆ. ಮನೆಗೊಂದು ಆಮೆ. ಅದು ಬೆಳಗ್ಗೆ ಹೊರಗೆ ಹೋಗಿ ಏನು ಮೇಯುತ್ತದೋ ಅದರ ರುಚಿ ಆ ಮನೆಯ ಎಲ್ಲರಿಗಿಂತ ಹಿರಿಯರ ಬಾಯಲ್ಲಿ ಸಂಜೆ ದೀಪ ಹಚ್ಚುವವರೆಗೆ ನಿಂತಿರುತ್ತದೆ. ಕೋಸಂಬರಿ ತಿನ್ನಲಿ, ಒಬ್ಬಟ್ಟು ತಿನ್ನಲಿ, ಬಾಯಿಗೆ ಹತ್ತುವುದು ಆಮೆ ತಿಂದದ್ದೇ. ಇದಕ್ಕೆ ನಾಲಿಗೆ ಬರುವುದು ಅನ್ನುತ್ತಾರೆ. ಹಿರಿಯರು ತೀರಿಕೊಂಡರೆ ಹನ್ನೆರಡನೇ ದಿನದೊಳಗೆ ಅವರ ನಂತರದವರಿಗೆ ನಾಲಿಗೆ ಬಂದಿರುತ್ತದೆ. ಯಾಕೆ, ಹೇಗೆ ಅಂತ ನಾನು ಒಂದೆರಡು ಸಲ ಕೇಳಿದೆ. ನಿಮ್ಮೂರಲ್ಲಿ ಇಲ್ಲವಾ ಅಂತ ಅವರೇ ನನ್ನನ್ನು ಅಯ್ಯೋ ಪಾಪ ಅನ್ನುವ ಹಾಗೆ ನೋಡಿದ್ದರಿಂದ ಸುಮ್ಮನಾದೆ.

ಬೀದಿಯಲ್ಲಿ ಹಿರಿಯರು ಎದುರಾದರೆ ಊಟ ಆಯಿತಾ ಅಂತ ಕೇಳುವುದಿಲ್ಲ, ಇವತ್ತು ಏನು ಅಂತ ಕೇಳುತ್ತಾರೆ. ಗರಿಕೆ, ಹೊನಗೊನ್ನೆ, ನುಗ್ಗೆ ಎಲೆ ಅಂತ ಉತ್ತರ. ಬೇಸಿಗೆಯಲ್ಲಿ ಆಮೆಗಳು ತರಗೆಲೆಯ ಅಡಿಯಲ್ಲಿ ಮಲಗಿಬಿಡುವುದರಿಂದ ಊರಿನ ಯಜಮಾನರೆಲ್ಲ ಬಾಯಿಗೆ ಯಾವ ರುಚಿಯೂ ಹತ್ತದೆ ಸಪ್ಪೆ ಮುಖ ಹೊತ್ತುಕೊಂಡು ತಿರುಗುತ್ತಾರೆ. ಮೊದಲ ಮಳೆಗೆ ಆಮೆ ಎದ್ದು ಹೊಸ ಚಿಗುರು ತಿಂದ ದಿನ ಹಬ್ಬದ ಕಳೆ. ಮೇಯುತ್ತಿರುವ ಆಮೆಯನ್ನು ತಡೆಯುವ ಹಾಗಿಲ್ಲ, ಎತ್ತಿ ಬೇರೆ ಕಡೆ ಇಡುವ ಹಾಗಿಲ್ಲ, ಊರಿಗೆಲ್ಲ ಇದೊಂದೇ ಕಟ್ಟಳೆ. ಅದಕ್ಕೇ ಎಲ್ಲ ಗೋಡೆಗಳ ಬುಡದಲ್ಲೂ ಅರ್ಧಚಂದ್ರದ ಹಾಗೆ ಒಂದು ಆಮೆಗಂಡಿ ಇರುತ್ತದೆ. ಒಮ್ಮೆ ಊರ ಸಭೆಯಲ್ಲಿ ಅಧ್ಯಕ್ಷರು ಭಾಷಣ ಶುರು ಮಾಡಿದವರು ಅರ್ಧಕ್ಕೇ ನಿಲ್ಲಿಸಿ, ಬಾಯಿಗೆ ಟವೆಲ್ ಒತ್ತಿಕೊಂಡು ಹೊರಗೆ ಓಡಿದರಂತೆ. ಸಭೆಯಲ್ಲಿದ್ದ ಯಾರೂ ನಗಲಿಲ್ಲ. ಅವರ ಮನೆಯ ಹಿಂದೆ ಕುರಿ ಕಟ್ಟುತ್ತಾರೆ, ಆಮೆಗಳು ಹಿಕ್ಕೆಯನ್ನೂ ಬಿಡುವುದಿಲ್ಲ ಅನ್ನುವುದು ಎಲ್ಲರಿಗೂ ಗೊತ್ತಿತ್ತು.

ನಮ್ಮ ಮಾವ ರುದ್ರಮುನಿಯಪ್ಪನವರು ಹೈಸ್ಕೂಲಿನಲ್ಲಿ ಡ್ರಿಲ್ ಮೇಷ್ಟ್ರಾಗಿದ್ದು ನಿವೃತ್ತರಾದವರು. ಹೆಂಡತಿ ನಾನು ಬರುವ ಮೊದಲೇ ತೀರಿಕೊಂಡಿದ್ದರು. ಕತ್ತಿನಲ್ಲಿ ಇನ್ನೂ ಸೀಟಿ ನೇತಾಡುತ್ತಿತ್ತು. ಆಮೆಗೆ ಕ್ಯಾಪ್ಟನ್ ಅಂತ ಹೆಸರಿಟ್ಟಿದ್ದವರೂ ಅವರೇ. ದಿನಾ ಬೆಳಿಗ್ಗೆ ಹಿತ್ತಲಲ್ಲಿ ನೆಟ್ಟಗೆ ನಿಂತು, "ಕ್ಯಾಪ್ಟನ್, ಬಲಕ್ಕೆ ತಿರುಗ್" ಅನ್ನುವರು. ಬಲಕ್ಕೆ ನಮ್ಮದೇ ಬಸಳೆ ಚಪ್ಪರ. ಕ್ಯಾಪ್ಟನ್ ಎಡಕ್ಕೆ ತಿರುಗಿ, ಗಂಡಿಯೊಳಗೆ ನುಗ್ಗಿ, ಚಿಪ್ಪು ಕಲ್ಲಿಗೆ ಉಜ್ಜುವ ಸದ್ದು ಮಾಡುತ್ತ ಪಕ್ಕದ ಮನೆಗೆ ಹೋಗಿಬಿಡುವನು.

ಪಕ್ಕದ ಮನೆ ದಾಕ್ಷಾಯಿಣಮ್ಮನದು. ಗಂಡ ತೀರಿಹೋಗಿ ಬಹಳ ಕಾಲವಾಗಿತ್ತು, ಮಕ್ಕಳಿರಲಿಲ್ಲ. ಮುಂದಿನ ಕೋಣೆಯಲ್ಲಿ ಹೊಲಿಗೆ ಮಿಷನ್ ಇಟ್ಟುಕೊಂಡು ಊರಿನ ಹೆಂಗಸರಿಗೆಲ್ಲ ರವಿಕೆ ಹೊಲಿಯುತ್ತಿದ್ದರು. ಅವರ ಮನೆಯ ಆಮೆ ಒಂದು ಮಳೆಗಾಲದಲ್ಲಿ ಮೇಯಲು ಹೋದದ್ದು ವಾಪಸು ಬರಲೇ ಇಲ್ಲ. ಆಮೆಯಿಲ್ಲದ ಮನೆ ಅಂತ ಜನ ಮರುಗುತ್ತಿದ್ದರು. ದಾಕ್ಷಾಯಿಣಮ್ಮ ಮಾತ್ರ ಜಗಲಿಯ ಮೇಲೆ ಕೂತು, ಹಾಡುಹಗಲಲ್ಲಿ, ಮಾವಿನಕಾಯಿಗೆ ಉಪ್ಪುಖಾರ ಅದ್ದಿಕೊಂಡು, ಬಾಯಿ ಚಪ್ಪರಿಸಿಕೊಂಡು ತಿನ್ನುತ್ತಿದ್ದರು. ಬೀದಿಯಲ್ಲಿ ಹೋಗುವ ಯಜಮಾನರೆಲ್ಲ ಮುಖ ಆ ಕಡೆ ತಿರುಗಿಸಿಕೊಂಡು ಹೋಗಬೇಕಾಗಿತ್ತು.

ಜಗಳ ಶುರುವಾದದ್ದು ಹಾಗಲ ಬಳ್ಳಿಯಿಂದ. ಆ ವರ್ಷ ದಾಕ್ಷಾಯಿಣಮ್ಮ ನಮ್ಮ ಗೋಡೆಗೆ ಒತ್ತಿ ಹಾಗಲ ಹಾಕಿದರು. ಬಳ್ಳಿ ಗಂಡಿಯ ಮುಂದೆಯೇ ಹಬ್ಬಿತು. ಕ್ಯಾಪ್ಟನ್ ಗಂಡಿ ದಾಟಿ ಕತ್ತು ಚಾಚಿದರೆ ಸಾಕು, ಎಲೆ ಬಾಯಿಗೇ ಬರುತ್ತಿತ್ತು. ಮಾವ ಬೆಳಿಗ್ಗೆಯಿಂದ ಸಂಜೆವರೆಗೆ ಕಹಿ ಉಗುಳುತ್ತ ಓಡಾಡಿದರು. ದೀಪ ಹಚ್ಚಿದ ತಕ್ಷಣ ಎರಡು ಉಂಡೆ ಬೆಲ್ಲ ಬಾಯಿಗೆ ಹಾಕಿಕೊಳ್ಳುವರು. ವಾರಗಟ್ಟಲೆ ಇದೇ ಆದಮೇಲೆ ಒಂದು ದಿನ ಒರಳುಕಲ್ಲಿನ ಮೇಲೆ ಹತ್ತಿ ನಿಂತು, ಗೋಡೆಯ ಆಚೆಗೆ ಸೀಟಿ ಊದಿದರು.

"ಯಾರ್ರೀ ಅದು ಸೀಟಿ ಊದೋದು? ನಾನೇನು ನಿಮ್ಮ ಏಳನೇ ಕ್ಲಾಸಿನ ಹುಡುಗಿಯಾ?" ಅಂತ ದಾಕ್ಷಾಯಿಣಮ್ಮ ಕತ್ತರಿ ಹಿಡಿದುಕೊಂಡೇ ಹೊರಗೆ ಬಂದರು.

"ಈ ಬಳ್ಳೀನ ಬೇಕಂತ್ಲೇ ಇಲ್ಲಿ ಹಾಕಿದೀರಿ ನೀವು."

"ಬೇಕಂತ್ಲೇ ಹಾಕಿದೀನಿ. ನನಗೆ ಹಾಗಲಕಾಯಿ ಗೊಜ್ಜು ಬೇಕು, ಅದಕ್ಕೆ ಹಾಕಿದೀನಿ. ನಿಮ್ಮ ಕ್ಯಾಪ್ಟನ್‌ಗೆ ಹೇಳಿ, ಬೇರೆ ಕಡೆ ಮೇಯಲಿ."

"ಅವನು ನನ್ನ ಮಾತು ಕೇಳಲ್ಲ."

"ಊರಿನ ಮಕ್ಕಳನ್ನೆಲ್ಲ ಬಿಸಿಲಲ್ಲಿ ನಿಲ್ಲಿಸಿ ಕುಣಿಸಿದೋರು, ಒಂದು ಆಮೆ ನಿಮ್ಮ ಮಾತು ಕೇಳಲ್ವಾ?"

ನಾನು ಬಟ್ಟೆ ಒಣಗಿಸುತ್ತಿದ್ದವಳು ಸೀರೆಯ ಹಿಂದೆ ಮುಖ ಮರೆಸಿಕೊಂಡು ನಕ್ಕೆ. ಮಾವ ಸೀಟಿಯನ್ನು ಅಂಗಿಯೊಳಗೆ ಇಳಿಬಿಟ್ಟುಕೊಂಡರು. ಇಳಿಯಲು ಹೋದರು. ಆಗ ದಾಕ್ಷಾಯಿಣಮ್ಮ ಸ್ವಲ್ಪ ಮೆತ್ತಗಾಗಿ, "ಹೋಗಲಿ, ನಿಮ್ಮ ಬಾಯಿಗೆ ಏನು ಇಷ್ಟ ಹೇಳಿ" ಅಂದರು.

ಮಾವ ಒರಳಿನ ಮೇಲೆ ಹಾಗೇ ನಿಂತುಬಿಟ್ಟರು. ಆ ಪ್ರಶ್ನೆ ಅವರನ್ನು ಯಾರೂ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ. ಹಗಲೆಲ್ಲ ಏನು ಮಾಡಿ ಬಡಿಸಿದರೂ ಅವರಿಗೆ ಹತ್ತುವುದು ಆಮೆಯ ರುಚಿಯೇ ಅಂದಮೇಲೆ ಯಾರು ಯಾಕೆ ಕೇಳುತ್ತಾರೆ? ಕೊನೆಗೆ ತಪ್ಪು ಮಾಡಿದ ಹುಡುಗನ ಹಾಗೆ, "ಹುಳಿ" ಅಂದರು.

ಮುಂದಿನ ವಾರ ಹಾಗಲ ಬಳ್ಳಿ ಆ ಕಡೆಯ ಚಪ್ಪರಕ್ಕೆ ಏರಿತ್ತು. ಗಂಡಿಯ ಮುಂದಿನ ಜಾಗ ಅಗೆದು ನೀರು ಹಾಕಿದ್ದು ಕಾಣಿಸಿತು. ಸ್ವಲ್ಪ ದಿನಕ್ಕೆ ಅಲ್ಲಿ ಪುಲ್ಲಂಪುರಚಿ ಅನ್ನುವ ಹುಳಿಸೊಪ್ಪು ಹಸಿರು ಚಾಪೆಯ ಹಾಗೆ ಹರಡಿತು. ಒಂದು ಬೆಳಿಗ್ಗೆ ಮಾವ ಪೇಪರ್ ಓದುತ್ತ ಕೂತವರು ತಟ್ಟನೆ ಕನ್ನಡಕ ತೆಗೆದರು. ನಾಲಿಗೆಯಿಂದ 'ಟಕ್' ಅಂತ ಸದ್ದು ಮಾಡಿದರು. ಆಮೇಲೆ ಒಬ್ಬರೇ ನಕ್ಕರು. ನಾನು ಆ ಮನೆಗೆ ಬಂದಮೇಲೆ ಅವರು ಒಬ್ಬರೇ ನಕ್ಕದ್ದು ನೋಡಿದ್ದು ಅದೇ ಮೊದಲು.

ಅಲ್ಲಿಂದಾಚೆಗೆ ಆ ಹಿತ್ತಲಲ್ಲಿ ಏನೇನೋ ಬೆಳೆಯತೊಡಗಿತು. ಹುಣಿಸೆ ಬೀಜ ಹಾಕಿ, ಗೇಣುದ್ದ ಬೆಳೆಯುವಷ್ಟರಲ್ಲಿ ಚಿಗುರು ಆಮೆಯ ಬಾಯಿಗೆ ಎಟುಕುವ ಹಾಗೆ ಬಗ್ಗಿಸಿ ಕಟ್ಟುತ್ತಿದ್ದರು. ನಡುವೆ ಎರಡು ದಿನ ಕುಂಬಳದ ಹೂ. ಅಷ್ಟು ಹುಳಿಯಾದಮೇಲೆ ಬಾಯಿಗೆ ತಂಪಿರಲಿ ಅಂತಲೋ ಏನೋ. ಆಮೆಯ ಚಿಪ್ಪಿಗೆ ಒಳ್ಳೆಯದು ಅಂತ ಸ್ವಲ್ಪ ಪಾಪಾಸುಕಳ್ಳಿ, ಮುಳ್ಳು ಒಂದೊಂದಾಗಿ ಕತ್ತರಿಯಿಂದ ತೆಗೆದು ಇಟ್ಟಿದ್ದು. ಮಾವ ಬೆಳಿಗ್ಗೆ ಬೇಗ ಎದ್ದು, ಸ್ನಾನ ಮಾಡಿ, ವಿಭೂತಿ ಇಟ್ಟುಕೊಂಡು, ಬೋಳುತಲೆಯ ಸುತ್ತ ಉಳಿದ ನಾಲ್ಕು ಕೂದಲು ಬಾಚಿಕೊಂಡು ಜಗಲಿಯ ಮೇಲೆ ಕೂರುವರು. ಯಾರೋ ಊಟಕ್ಕೆ ಕರೆದಿದ್ದಾರೆ ಅನ್ನುವ ಹಾಗೆ ಇರುತ್ತಿತ್ತು ಅವರ ಠೀವಿ. ಹಳೆಯ ಅಭ್ಯಾಸದಂತೆ "ಬಲಕ್ಕೆ ತಿರುಗ್" ಅನ್ನುವುದನ್ನು ಬಿಡಲಿಲ್ಲ. ಆದರೆ ಅದನ್ನು ಈಗ ಮೆಲ್ಲಗೆ ಅನ್ನುವರು, ಎಲ್ಲಿ ಕ್ಯಾಪ್ಟನ್ ಕೇಳಿಬಿಡುತ್ತಾನೋ ಅಂತ.

ಪ್ರತಿಯಾಗಿ ಏನಾದರೂ ಕೊಡಬೇಕಲ್ಲ. ಮಾವನಿಗೆ ಅಡುಗೆ ಬರದು. "ಪ್ರಭಾ, ಬಸ್ಸಾರು ಮಾಡಿದೀಯಲ್ಲ, ಪಕ್ಕದ ಮನೆಗೆ ಒಂದು ಬಟ್ಟಲು ಕೊಟ್ಟು ಬಾ" ಅನ್ನುವರು. ನಾನು ತೆಗೆದುಕೊಂಡು ಹೋಗಿ ಕೊಡುವೆ. ದಾಕ್ಷಾಯಿಣಮ್ಮ ನನ್ನ ಎದುರಿಗೇ ಬೆರಳಲ್ಲಿ ಅದ್ದಿ ನೆಕ್ಕಿ, "ಉಪ್ಪು ಜಾಸ್ತಿಯಾಯ್ತಲ್ಲೇ. ಬೆಳ್ಳುಳ್ಳಿ ಸೀದಿದೆ" ಅಂತ ಮುಲಾಜಿಲ್ಲದೆ ಹೇಳುವರು. ನಾನು ಬಂದು ಮಾವನಿಗೆ, "ತುಂಬಾ ಚೆನ್ನಾಗಿದೆ ಅಂದರು" ಅನ್ನುವೆ. ಅವರು ಪರೀಕ್ಷೆ ಪಾಸಾದವರ ಹಾಗೆ ತಲೆಯಾಡಿಸುವರು.

ಇಂಥದ್ದು ಊರಿನಲ್ಲಿ ಮುಚ್ಚಿಡಲಾಗುವುದಿಲ್ಲ. "ಮೇಷ್ಟ್ರೇ, ಇವತ್ತು ಏನು?" ಅಂತ ಯಾರಾದರೂ ಕೇಳಿದರೆ, ಮಾವ "ಗರಿಕೆ, ಬರೀ ಗರಿಕೆ" ಅನ್ನುವರು. ಗರಿಕೆ ತಿಂದವರ ಮುಖ ಹಾಗಿರುವುದಿಲ್ಲ ಅಂತ ಚಿಕ್ಕಮಕ್ಕಳಿಗೂ ಗೊತ್ತು. ಮಾತು ಬೀದಿಯಿಂದ ಬೀದಿಗೆ ಹೋಗಿ ನಮ್ಮ ಮನೆಯವರ ಹಿಟ್ಟಿನ ಗಿರಣಿ ತಲುಪಿತು. ರಾಗಿ ಬೀಸಿಸಲು ಬಂದವರೊಬ್ಬರು, "ಗುರುಶಾಂತಪ್ಪ, ನಿಮ್ಮ ಆಮೆಗೆ ಪಕ್ಕದ ಮನೇಲಿ ದಿನಾ ಬೀಗರ ಊಟವಂತೆ?" ಅಂದರಂತೆ. ಅವತ್ತು ಸಂಜೆ ನಮ್ಮ ಮನೆಯವರು ಹುಬ್ಬಿನ ಮೇಲಿನ ಹಿಟ್ಟು ಕೂಡ ಒರೆಸಿಕೊಳ್ಳದೆ ಮನೆಗೆ ಬಂದರು. ನನ್ನ ಹತ್ತಿರ ಒಂದು ಮಾತೂ ಆಡದೆ, ಹಿತ್ತಲಿಗೆ ಹೋಗಿ, ರುಬ್ಬುವ ಗುಂಡು ಉರುಳಿಸಿಕೊಂಡು ಹೋಗಿ ಗಂಡಿಗೆ ಒತ್ತಿ ಇಟ್ಟರು.

"ಇದು ಕಟ್ಟಳೆಗೆ ವಿರುದ್ಧ ಅಲ್ವೇನ್ರೀ?" ಅಂದೆ.

"ಅವನು ಮೇಯುತ್ತಿರುವಾಗ ತಡೀಬಾರದು ಅಂತ ಇರೋದು. ಈಗ ಮಲಗಿದಾನೆ."

ಬೆಳಿಗ್ಗೆ ಕ್ಯಾಪ್ಟನ್ ಎದ್ದು ಗಂಡಿಗೆ ಹೋದ. ಗುಂಡಿಗೆ ತಲೆ ಕೊಟ್ಟು ನೂಕಿದ. ಹಿಂದೆ ಸರಿದು ಮತ್ತೆ ನೂಕಿದ. ಇಡೀ ದಿನ 'ಟಕ್ ಟಕ್' ಅಂತ ಚಿಪ್ಪು ಬಡಿಯುವ ಸದ್ದು. ಎದುರಿಗೇ ಬಸಳೆ ಇದ್ದರೂ ಮೂಸಲಿಲ್ಲ. ಕೊನೆಗೆ ಸಿಟ್ಟಿನಿಂದಲೋ ಹಸಿವಿನಿಂದಲೋ ಗೋಡೆಯ ಸುಣ್ಣವನ್ನೇ ಕೆರೆದು ತಿನ್ನತೊಡಗಿದ. ಒಳಗೆ ಮಾವನ ಬಾಯೆಲ್ಲ ಸುಣ್ಣ. ಅವರಿಗೆ ಎಲ್ಲ ಅರ್ಥವಾಗಿತ್ತು ಅಂತ ನನಗೆ ಗೊತ್ತು, ಯಾಕೆಂದರೆ ಹಿತ್ತಲಿಗೆ ಬಂದು ಗುಂಡನ್ನು ನೋಡಿ ಹೋಗಿದ್ದರು. ಕೂಗಾಡುತ್ತಾರೆ ಅಂದುಕೊಂಡಿದ್ದೆ. ಕೂಗಾಡಲಿಲ್ಲ. ಮಗನಿಗೆ ಇಷ್ಟವಿಲ್ಲ ಅನ್ನುವುದು ಅವರನ್ನು ಸುಮ್ಮನಾಗಿಸಿತ್ತು. ಜಗಲಿಗೆ ಬರುವುದು ಬಿಟ್ಟರು. ಸೀಟಿ ಗೂಟಕ್ಕೆ ಹೋಯಿತು. ಊಟಕ್ಕೆ ಕರೆದರೆ, "ಸುಣ್ಣ ಎಷ್ಟು ತಿನ್ನೋದಮ್ಮ" ಅಂತ ಗೋಡೆ ಕಡೆ ತಿರುಗಿ ಮಲಗುವರು.

ನಾಲ್ಕಾರು ದಿನ ಕಳೆದಿರಬೇಕು. ದಾಕ್ಷಾಯಿಣಮ್ಮ ಮುಂಬಾಗಿಲಿನಿಂದ ಒಳಗೆ ಬಂದರು. ಕೈಯಲ್ಲಿ ಒಂದು ಹಿಡಿ ಪುಲ್ಲಂಪುರಚಿ. "ಕ್ಯಾಪ್ಟನ್‌ಗೆ ಹುಷಾರಿಲ್ವಾ? ಈ ಕಡೆ ಬರಲೇ ಇಲ್ಲ" ಅನ್ನುತ್ತ ನೇರ ಹಿತ್ತಲಿಗೆ ನಡೆದವರು ಗುಂಡು ನೋಡಿ ನಿಂತರು. ಗಿರಣಿಗೆ ಹೊರಟಿದ್ದ ನಮ್ಮ ಮನೆಯವರು ಅಲ್ಲೇ ಇದ್ದರು.

"ಇದನ್ನ ಇಟ್ಟೋರು ಯಾರಪ್ಪ?"

"ನಾನೇ. ಜನ ಏನೇನೋ ಮಾತಾಡ್ತಾರೆ, ದಾಕ್ಷಾಯಿಣಮ್ಮನೋರೇ."

"ಏನಂತಾರೆ?"

ಅವರು ತಡವರಿಸಿದರು. "ಆಮೆಗೆ... ಊಟ ಹಾಕ್ತೀರಿ ಅಂತ."

"ಹಾಕ್ತೀನಲ್ಲ. ಸುಳ್ಳೇನು ಹೇಳಿದರು?"

ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಗ್ಗಿ ಗುಂಡಿಗೆ ಕೈ ಹಾಕಿದೆ. ಅದು ಜಗ್ಗಲಿಲ್ಲ. "ಸ್ವಲ್ಪ ಈ ಕಡೆ ಹಿಡೀರಿ" ಅಂತ ಗಂಡನಿಗೆ ಅಂದೆ. ಅವರು ನನ್ನ ಮುಖ ನೋಡಿದರು. ಆಮೇಲೆ, ಅದೇನು ತೋಚಿತೋ, ಬಂದು ಹಿಡಿದರು. ಗುಂಡು ಉರುಳಿದ್ದೇ ಕ್ಯಾಪ್ಟನ್ ನಮ್ಮ ಕಾಲ ಸಂದಿಯಲ್ಲೇ ನುಗ್ಗಿ ಆಚೆಗೆ ಹೋದ. ಆಮೆ ಓಡುವುದನ್ನು ನಾನು ಅವತ್ತೇ ಕಂಡದ್ದು.

ಸ್ವಲ್ಪ ಹೊತ್ತಿಗೆ ಮಾವ ಹಿತ್ತಲ ಬಾಗಿಲಲ್ಲಿ ಬಂದು ನಿಂತರು. ಗಡ್ಡ ಬೆಳೆದಿತ್ತು. ಬಾಯಲ್ಲಿ ಆಗತಾನೇ ಹುಳಿ ಬಂದಿರಬೇಕು, ಕಣ್ಣಲ್ಲಿ ನೀರಾಡುತ್ತಿತ್ತು. ಮಗನನ್ನು ನೋಡಿ, "ಶಾಂತಾ, ನಾನು ಇವರನ್ನ ಮದುವೆ ಆಗಬೇಕು ಅಂತ ಇದ್ದೀನಿ" ಅಂದುಬಿಟ್ಟರು.

"ನನ್ನನ್ನ ಯಾರೂ ಕೇಳಲಿಲ್ಲವಲ್ಲ!" ಅಂದರು ದಾಕ್ಷಾಯಿಣಮ್ಮ.

"ಈಗ ಕೇಳ್ತಾ ಇದ್ದೀನಿ."

ದಾಕ್ಷಾಯಿಣಮ್ಮ ಕೈಯಲ್ಲಿದ್ದ ಸೊಪ್ಪನ್ನು ತಿರುವಿ ತಿರುವಿ ನೋಡಿದರು. ಮುಖ ಒಂದು ಸಲ ಅರಳಿ, ಮತ್ತೆ ಏನೋ ನೆನಪಾದ ಹಾಗೆ ಕುಂದಿತು. "ಆಗಲ್ಲ ಮೇಷ್ಟ್ರೇ. ಕಾರಣ ಮಾತ್ರ ಕೇಳಬೇಡಿ. ಕ್ಯಾಪ್ಟನ್ ಬರಲಿ, ಎಂದಿನಂತೆ ಮೇಯಲಿ. ನನಗೆ ಅಷ್ಟು ಸಾಕು" ಅಂತ ಹೊರಟುಹೋದರು. ನಮ್ಮ ಮನೆಯವರ ಎದೆಯ ಮೇಲಿನ ಭಾರ ಇಳಿಯಬೇಕಿತ್ತು. ಆದರೆ ಅಪ್ಪನ ಮುಖ ನೋಡಿ ಅವರಿಗೇ ಸಂಕಟವಾಯಿತು. "ಏನಂತೆ ಅವರಿಗೆ? ನಮ್ಮಪ್ಪನಿಗೆ ಏನು ಕಮ್ಮಿಯಾಗಿದೆ?" ಅಂತ ರಾತ್ರಿ ಊಟಕ್ಕೆ ಕೂತಾಗ ನನ್ನ ಮೇಲೇ ರೇಗಿದರು.

ಮಳೆಗಾಲ ಹಿಡಿಯಿತು. ದಾಕ್ಷಾಯಿಣಮ್ಮನಿಗೆ ಜ್ವರ ಬಂತು. ಹಿತ್ತಲಲ್ಲಿ ನೆಂದುಕೊಂಡು ಕುಂಬಳದ ಬಳ್ಳಿಗೆ ಕೋಲು ಊರಿದ್ದೇ ಕಾರಣ. ಎರಡು ದಿನ ಮಿಷನ್ನಿನ ಸದ್ದು ಕೇಳಿಸಲಿಲ್ಲ ಅಂತ ನಾನು ಹೋಗಿ ನೋಡಿದರೆ, ಮೈ ಕೆಂಡ. ಎಬ್ಬಿಸಿದರೂ ಕೂರುವ ಶಕ್ತಿ ಇರಲಿಲ್ಲ. ಕರೆದುಕೊಂಡು ಬಾ ಅಂತ ಅಂದದ್ದು ನಮ್ಮ ಮನೆಯವರೇ. ಗಿರಣಿಯ ಕೈಗಾಡಿಯಲ್ಲಿ ಕಂಬಳಿ ಹಾಸಿ, ತಾವೇ ತಳ್ಳಿಕೊಂಡು ಬಂದು, ನಡುಮನೆಯ ಮಂಚದ ಮೇಲೆ ಮಲಗಿಸಿದರು. ಗಂಜಿ, ಕಷಾಯ, ಡಾಕ್ಟರು ಕೊಟ್ಟ ಮಾತ್ರೆ, ಎಲ್ಲ ನಾನೇ ನೋಡಿಕೊಂಡೆ. ಮಾವ ಜಗಲಿಯಲ್ಲೇ ಮಲಗಿದರು. ಒಳಗೆ ಬರದೆ ಕಿಟಕಿಯಿಂದ ಜ್ವರ ಎಷ್ಟಿದೆ ಅಂತ ಕೇಳುವರು, ನಾನು ಹೇಳುವೆ, ಮತ್ತೆ ಒಂದು ಗಳಿಗೆಗೆ ಬಂದು ಕೇಳುವರು.

ಜ್ವರ ಇಳಿದ ದಿನ ಬೆಳಿಗ್ಗೆ ಮಳೆ ಬಿಟ್ಟಿತ್ತು. ಕ್ಯಾಪ್ಟನ್ ಆಗಲೇ ಆಚೆ ಹೋಗಿದ್ದ. ನಾನು ಮಾವನಿಗೆ ಕಾಫಿ ಕೊಟ್ಟು ಒಳಗೆ ತಿರುಗುವಷ್ಟರಲ್ಲಿ ಹೊರಗಡೆ ಲೋಟ ಬಿದ್ದ ಸದ್ದಾಯಿತು.

"ಪ್ರಭಾ! ಕಾಫಿ!"

"ಯಾಕೆ ಮಾವ, ಬಿಸಿ ಸುಟ್ಟಿತಾ?"

"ಇಲ್ಲಮ್ಮ! ಕಾಫಿ... ಕಾಫಿ ಥರ ಇದೆ!"

ಅದೇ ಹೊತ್ತಿಗೆ ನಡುಮನೆಯಿಂದ ದಾಕ್ಷಾಯಿಣಮ್ಮ, "ಅಯ್ಯೋ ಶಿವನೇ, ನನ್ನ ಬಾಯಲ್ಲಿ ಇದ್ಯಾರು ಕುಂಬಳದ ಹೂ ಇಟ್ಟೋರು?" ಅಂತ ಕೂಗಿದರು.

ನಾವೆಲ್ಲ ನಡುಮನೆಯಲ್ಲಿ ಸೇರಿದೆವು. ಮೊದಲು ಅರ್ಥವಾದದ್ದು ನಮ್ಮ ಮನೆಯವರಿಗೆ. "ನಾಲಿಗೆ ದಾಟಿದೆ" ಅಂದರು. "ಅಂದರೆ ಇವರು ನಮ್ಮ ಮನೆಯವರು ಅಂತ ಆಯಿತು." ಆಮೇಲೆ ಲೆಕ್ಕ ಸರಿಹೋಗದವರ ಹಾಗೆ ತಲೆ ಕೆರೆದುಕೊಂಡರು. "ಆದರೆ ನಾಲಿಗೆ ಹಿರಿಯರಿಗೆ ಅಲ್ವಾ ಬರೋದು? ಅಪ್ಪನಿಗಿಂತ ನೀವು..."

ದಾಕ್ಷಾಯಿಣಮ್ಮ ಕಂಬಳಿ ಮುಖದವರೆಗೆ ಎಳೆದುಕೊಂಡರು. ಒಳಗಿನಿಂದಲೇ, "ಎರಡು ವರ್ಷ ದೊಡ್ಡೋಳು. ಈಗ ತಿಳೀತಾ? ಊರಿಗೆಲ್ಲ ಚಿಕ್ಕೋಳು ಅಂತ ಹೇಳ್ಕೊಂಡು ಬಂದಿದ್ದೆ. ಮದುವೆಯಾಗಿ ನಿಮ್ಮನೆಗೆ ಬಂದರೆ ಒಂದೇ ಬೆಳಿಗ್ಗೆಗೆ ಬಯಲಾಗೋದು. ಅದಕ್ಕೇ ಕಾರಣ ಕೇಳಬೇಡಿ ಅಂದದ್ದು" ಅಂದರು.

ಮಾವ ನಕ್ಕರು. ಮೊದಲು ಮೆಲ್ಲಗೆ, ಆಮೇಲೆ ಹೊಟ್ಟೆ ಹಿಡಿದುಕೊಂಡು. "ಅಷ್ಟಕ್ಕೇನಾ? ನಾನು ನನ್ನ ಬೋಳುತಲೆ ನೋಡಿ ಬೇಡ ಅಂದಿರಿ ಅಂತ ಇಷ್ಟು ದಿನ ಕೊಬ್ಬರಿ ಎಣ್ಣೆ ತಿಕ್ಕಿಕೊಂಡಿದ್ದೆ!"

"ನಿಮಗೆ ನಗು. ನಂದು ಕೇಳಿ" ಅಂದರು ದಾಕ್ಷಾಯಿಣಮ್ಮ ಕಂಬಳಿ ಸರಿಸಿ. ಕಣ್ಣು ಒದ್ದೆಯಾಗಿತ್ತು. "ಇಷ್ಟು ವರ್ಷ ನನ್ನ ಬಾಯಿ ನನ್ನದಾಗಿತ್ತು. ಮಾವಿನಕಾಯಿಯನ್ನ ಮಾವಿನಕಾಯಿ ಅಂತ ತಿಂತಿದ್ದೆ. ನಿಮಗೋ, ಹುಳಿ ನೆಟ್ಟುಕೊಡೋಕೆ ನಾನಿದ್ದೆ. ಇನ್ನು ನನಗೆ ಯಾರಿದಾರೆ?"

"ವಾಪಸು ಹೋದರೆ ನಾಲಿಗೆ ಬಿಟ್ಟುಹೋಗುತ್ತೆ" ಅಂದರು ಮಾವ. ನಗು ನಿಂತಿತ್ತು. "ಗೋಡೆಯಾಚೆ ನಿಮ್ಮ ಮನೆ ಹಾಗೇ ಇದೆ. ಜ್ವರವೂ ಇಳಿದಿದೆ. ನಿಮ್ಮಿಷ್ಟ. ಇಲ್ಲೇ ಇರ್ತೀರಿ ಅಂದರೆ ನಾನು ನೆಡ್ತೀನಿ."

"ನಿಮಗೆ ನೆಡೋಕೆ ಬರುತ್ತಾ?"

"ಬರಲ್ಲ. ಕಲೀತೀನಿ."

ದಾಕ್ಷಾಯಿಣಮ್ಮ ಸೂರು ನೋಡುತ್ತ ಬಾಯೊಳಗೆ ನಾಲಿಗೆ ಆಡಿಸಿದರು. ಬಾಯೊಳಗಿನ ಕುಂಬಳದ ಹೂವನ್ನು ಅಳೆದು ನೋಡುತ್ತಿದ್ದ ಹಾಗಿತ್ತು. ಕೊನೆಗೆ ನನ್ನ ಕಡೆ ತಿರುಗಿ, "ಪ್ರಭಾ, ನನ್ನ ಮಿಷನ್ ಈ ಕಡೆ ತರಿಸಬೇಕಲ್ಲೇ. ಮಳೆಗೆ ತುಕ್ಕು ಹಿಡಿಯುತ್ತೆ" ಅಂದರು.

ಮದುವೆ ನಮ್ಮ ನಡುಮನೆಯಲ್ಲೇ, ಮಠದಯ್ಯನವರನ್ನು ಕರೆಸಿ ಆಯಿತು. ಈಗ ನನಗೆ ಅತ್ತೆಯಾದ ದಾಕ್ಷಾಯಿಣಮ್ಮನ ವಯಸ್ಸಿನ ವಿಷಯ ಊರಿಗೆಲ್ಲ ಗೊತ್ತಾಗಿ, ರವಿಕೆ ಅಳತೆ ಕೊಡಲು ಬಂದವರೆಲ್ಲ ಒಂದೊಂದು ಮಾತು ಅಂದರು. ಅತ್ತೆ ಸೂಜಿ ಬಾಯಲ್ಲಿ ಕಚ್ಚಿಕೊಂಡು ಉತ್ತರ ಕೊಡುವ ಗೋಜಿಗೇ ಹೋಗಲಿಲ್ಲ. ಮಾವ ಆಚೆಯ ಹಿತ್ತಲನ್ನು ತಮ್ಮ ಕೈಗೆ ತೆಗೆದುಕೊಂಡರು. ಸಾಲು ಎಳೆದದ್ದು ಮಾತ್ರ ಪರೇಡಿಗೆ ನಿಲ್ಲಿಸಿದಷ್ಟು ನೆಟ್ಟಗೆ. ಗಿಡಗಳೆಲ್ಲ ನೀರು ಹೆಚ್ಚಾಗಿ ಕೊಳೆತವು, ಇಲ್ಲವೇ ಅಕ್ಕರೆ ಹೆಚ್ಚಾಗಿ ಬುಡ ಅಲುಗಾಡಿ ಸತ್ತವು. ಕೊನೆಗೆ ಒಂದೇ ಒಂದು ಹುಣಿಸೆ ಸಸಿ ಬದುಕಿ, ನಾಲ್ಕು ಚಿಗುರು ಬಿಟ್ಟಿತು.

ಅವತ್ತು ಬೆಳಿಗ್ಗೆ ಮಾವ ಆಚೆಯ ಹಿತ್ತಲಲ್ಲಿ ಬೇಲಿಯ ಹತ್ತಿರ ಕುಕ್ಕರಗಾಲಲ್ಲಿ ಕೂತು ಕ್ಯಾಪ್ಟನ್‌ಗಾಗಿ ಕಾದಿದ್ದರು. ನಾನೂ ಆ ಕಡೆಯ ಬಾವಿಕಟ್ಟೆಯಲ್ಲೇ ಪಾತ್ರೆ ತೊಳೆಯುತ್ತಿದ್ದೆ. ಕ್ಯಾಪ್ಟನ್ ಗಂಡಿ ದಾಟಿ ಬಂದ. ಸಸಿಯ ಮುಂದೆ ನಿಂತು ಕತ್ತು ಚಾಚಿದ. ಮಾವನಿಗೆ ತಡೆಯಲಾಗಲಿಲ್ಲ, ಎದ್ದು ನಮ್ಮ ಮನೆಯೊಳಗೆ ಓಡಿದರು. ಅವರ ಬೆನ್ನು ತಿರುಗಿದ್ದೇ ತಡ, ಕ್ಯಾಪ್ಟನ್ ಸಸಿಯನ್ನು ಮೂಸಿ, ಅದನ್ನು ಬಳಸಿಕೊಂಡು ಮುಂದೆ ಹೋಗಿ, ಯಾರೋ ಬಿಸಾಡಿದ್ದ ಒಣಗಿದ ಪರಂಗಿ ಎಲೆಯನ್ನು ಜಗಿಯತೊಡಗಿದ.

ನಾನು ಕೈ ಒರೆಸಿಕೊಂಡು ಒಳಗೆ ಹೋದೆ. ಅತ್ತೆ ಮಿಷನ್ ನಿಲ್ಲಿಸಿ ಕೂತಿದ್ದರು. ಮಾವ ಅವರ ಎದುರು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದರು.

"ಹೇಗಿದೆ?"

ಅತ್ತೆಯ ಮುಖ ಒಂದು ಗಳಿಗೆ ಹಿಂಡಿದ ಬಟ್ಟೆಯಂತಾಯಿತು. ನಾನು ನೋಡಿದೆ. ನನ್ನ ಸಾರಿಗೆ ಯಾವತ್ತೂ ಮುಲಾಜು ತೋರಿಸದ ಹೆಂಗಸು. ಗಂಟಲಲ್ಲಿದ್ದದ್ದನ್ನು ನುಂಗಿಕೊಂಡು, ಕಣ್ಣು ಮುಚ್ಚಿ, ನಾಲಿಗೆಯಿಂದ 'ಟಕ್' ಅಂತ ಸದ್ದು ಮಾಡಿದರು.

"ಹುಳಿ ಅಂದರೆ ಇದು, ಕಣ್ರೀ" ಅಂದರು.